ಓದುಗರ ಪ್ರಶ್ನೆ: ಜಾಥಾದ ಹಾಡು, ಮೈಕು, ಕಾನೂನು

ಡಿಸೆಂಬರ್ 10ರ ಮಾನವ ಹಕ್ಕುಗಳ ದಿನಕ್ಕೆ ತಯಾರಿ ನಡೆಸುತ್ತಿರುವ ಯುವಕ ಸಂಘ, ವಾಚನಾಲಯ, ಹವ್ಯಾಸಿ ಗಾಯನ ತಂಡಗಳಿಂದ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಸಂಗೀತ, ಧ್ವನಿವರ್ಧಕ, ಕಾನೂನು ಬಲ್ಲವರು ಸೇರಿ ಉತ್ತರಿಸಿದ್ದಾರೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರ: ನಮ್ಮ ಗಾಯಕಿ ಶಾಸ್ತ್ರೀಯ ಸಂಗೀತ ಕಲಿತವರು. ಹಾಡು ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಆದರೆ ಜಾಥಾದಲ್ಲಿ ಪಲ್ಲವಿ ಎತ್ತಿಕೊಟ್ಟರೆ ಜನ ಬಾಯಿಯೇ ತೆರೆಯುವುದಿಲ್ಲ. (ಮುಳ್ಳೇರಿಯ)

ಉ: ಮೊದಲು ಶ್ರುತಿ ನೋಡಿ. ಶಾಸ್ತ್ರೀಯ ಕಲಿತ ಹೆಂಗಸರು ಸಾಮಾನ್ಯವಾಗಿ ಬಿಳಿ ಐದು, ಕಪ್ಪು ನಾಲ್ಕರ (ಹಾರ್ಮೋನಿಯಂನ ಐದನೆಯ ಬಿಳಿ, ನಾಲ್ಕನೆಯ ಕಪ್ಪು ಮನೆ) ಆಸುಪಾಸಿನಲ್ಲಿ ಹಾಡುತ್ತಾರೆ. ಆ ಶ್ರುತಿ ಅಭ್ಯಾಸವಿಲ್ಲದ ಹೆಂಗಸರಿಗೆ ಹೊಂದುವುದಿಲ್ಲ. ಗಂಡಸರು ಒಂದು ಸ್ಥಾಯಿ ಕೆಳಗೆ ಹಿಡಿದರೂ ಕಷ್ಟವೇ. ಸ್ವರ ಮುಟ್ಟಲಾಗದಾಗ ಯಾರೂ ‘ಶ್ರುತಿ ಬದಲಿಸಿ’ ಎನ್ನುವುದಿಲ್ಲ, ಸುಮ್ಮನಾಗಿಬಿಡುತ್ತಾರೆ.

ಹಾಡಿ ರೂಢಿಯಿಲ್ಲದ ನೂರು ಜನ ಒಟ್ಟಿಗೆ ಸುಖವಾಗಿ ಮುಟ್ಟುವ ಹರವು ಹಾರ್ಮೋನಿಯಂ ಮೇಲೆ ಮಂದ್ರ ಸ್ಥಾಯಿಯ ಬಿಳಿ ಆರರಿಂದ ತಾರ ಸ್ಥಾಯಿಯ ಬಿಳಿ ಎರಡರವರೆಗೆ. ಗಂಡಸರದ್ದು ಒಂದು ಸ್ಥಾಯಿ ಕೆಳಗೆ, ಹೆಂಗಸರದ್ದು ಮೇಲೆ, ಅಷ್ಟೇ ವ್ಯತ್ಯಾಸ. ನಿಮ್ಮ ಧಾಟಿ ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಓಡಾಡುವುದಾದರೆ ಬಿಳಿ ಎರಡಕ್ಕೆ ಶ್ರುತಿ ಇಟ್ಟರೆ ಎರಡೂ ತುದಿ ಸರಿಯಾಗಿ ಕೂಡುತ್ತವೆ. ಷಡ್ಜದಿಂದ ತಾರ ಷಡ್ಜದೊಳಗೇ ಇರುವ ಧಾಟಿಗೆ ಬಿಳಿ ಒಂದು ಸಾಕು. ತಾರ ಗಾಂಧಾರ ಬೇಕೇಬೇಕು ಎನ್ನುವ ಧಾಟಿಯಾದರೆ ಆ ಸಂಚಾರವನ್ನು ಚರಣಕ್ಕೆ ಒಯ್ಯಿರಿ, ಪಲ್ಲವಿಯಲ್ಲಿ ಬೇಡ. ಗಾಯಕಿಗೆ ಬಿಳಿ ಎರಡು ಹಿಡಿಸದಿರಬಹುದು. ಇದು ಅವರ ಕಚೇರಿಯಲ್ಲ ಎಂದು ನಯವಾಗಿ ಹೇಳಬೇಕಾದವರು ನೀವು.

ಎರಡನೆಯದು ಪಲ್ಲವಿಯ ಉದ್ದ. ನಡೆಯುತ್ತಾ ಹಾಡುವವರ ಉಸಿರು ಕೂತು ಹಾಡುವವರದ್ದಕ್ಕಿಂತ ಚಿಕ್ಕದು. ನಿಮಿಷಕ್ಕೆ ಸುಮಾರು 100 ಹೆಜ್ಜೆಯ ನಡಿಗೆಯಲ್ಲಿ ಎಂಟು ಎಣಿಕೆಯ ಸಾಲು ಐದು ಸೆಕೆಂಡಿನೊಳಗೆ ಮುಗಿಯುತ್ತದೆ. ಅದನ್ನು ಮೀರಬೇಡಿ. ನಾಲ್ಕೆಣಿಕೆಯ ಚತುರಶ್ರ ನಡೆ ಕಾಲಿಗೆ ಸುಲಭ. ಮೂರೆಣಿಕೆಯಲ್ಲಿ ಹೆಜ್ಜೆ ಎಣಿಕೆಗೊಂದರಂತೆ ಬಿದ್ದರೆ ಪೆಟ್ಟು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬಂದು ತೂಗಾಡಿಸುತ್ತದೆ. ಐದೆಣಿಕೆಯ ಖಂಡ ಚಾಪಿನಲ್ಲಿ ಜಾಥಾ ಕಟ್ಟಿದವರು ಅರ್ಧ ಫರ್ಲಾಂಗಿಗೇ ಕೈಬಿಟ್ಟಾರು.

ಮೂರನೆಯದು, ಜನರು ಹೇಳಬೇಕಾದ ಸಾಲು ಪ್ರತಿ ಸಲವೂ ಅಕ್ಷರ ಬದಲಾಗದೆ ಬರಬೇಕು. ಗಾಯಕಿ ಅದರ ಮೇಲೆ ಗಮಕ, ಸಂಗತಿ ಹಾಕಿದರೆ ಜನ ಕೇಳುಗರಾಗಿಬಿಡುತ್ತಾರೆ. ಜನರ ಸರದಿ ಬಂದಾಗ ಅವರು ಮೈಕನ್ನು ಬಾಯಿಯಿಂದ ದೂರ ಮಾಡಲಿ. ಪೂರ್ವಾಭ್ಯಾಸಕ್ಕೆ ಹಾಡಲು ಬಾರದ ಮೂವರನ್ನು ಕರೆಸಿ. ಎರಡು ಸಲ ಕೇಳಿದ ಮೇಲೆ ಅವರು ತಾವಾಗಿ ಹೇಳಿದರೆ ಪಲ್ಲವಿ ಪಾಸು.

ಇನ್ನೊಂದು ಮಾತು, ಕೇಳದಿದ್ದರೂ ಹೇಳಬೇಕಾದ್ದು. ಮೆರವಣಿಗೆ ಉದ್ದವಾದರೆ ತಾಳ ಕೆಡುವುದು ಜನರ ತಪ್ಪಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ಉದ್ದದ ಮೆರವಣಿಗೆಯ ಮುಂದಿನ ಪೆಟ್ಟು ಹಿಂದಿನವರಿಗೆ 0.3 ಸೆಕೆಂಡ್ ತಡವಾಗಿ ಕೇಳುತ್ತದೆ. 100ರ ಲಯದಲ್ಲಿ ಅದು ಅರ್ಧ ಎಣಿಕೆ. ಮುಂದೆ ಧ್ವನಿವರ್ಧಕದ ಜೀಪು ಇಟ್ಟರೂ ಇದೇ ಕಥೆ. ವಾದ್ಯದವರನ್ನು ಮಧ್ಯದಲ್ಲಿ ನಡೆಸಿ. ಇಲ್ಲವೇ 30-40 ಮೀಟರಿಗೊಂದು ಗುಂಪು ಮಾಡಿ, ಗುಂಪಿಗೊಬ್ಬ ಮುಂದಾಳು ಕೊಟ್ಟು, ಎಲ್ಲರೂ ಏಕಕಾಲಕ್ಕೆ ಹಾಡಬೇಕೆಂಬ ಹಟ ಬಿಡಿ.

ಪ್ರ: ರಾತ್ರಿ ಕಾರ್ಯಕ್ರಮದಲ್ಲಿ ದುಡಿ, ತಮಟೆ ಅರ್ಧಕ್ಕೇ ‘ಬದ್’ ಎನ್ನತೊಡಗುತ್ತವೆ. (ಬೆಳ್ಳೂರು)

ಉ: ಡಿಸೆಂಬರಿನ ಮಂಜು ಚರ್ಮಕ್ಕೆ ಇಳಿಯುತ್ತದೆ. ಒಣ ಮಡಲಿನ ಬೆಂಕಿಯಲ್ಲಿ ಕಾಯಿಸುವಾಗ ಜ್ವಾಲೆಗೆ ಹಿಡಿಯದೆ ಕಾವಿಗೆ ಹಿಡಿಯಿರಿ, ತಿರುಗಿಸುತ್ತಾ ಇರಿ. ನಡುಭಾಗ ಅತಿಯಾಗಿ ಕಾದು ಅಂಚು ತಣ್ಣಗಿದ್ದರೆ ಚರ್ಮ ಅಂಚಿನಲ್ಲೇ ಹರಿಯುತ್ತದೆ. ಎರಡು ಜೊತೆ ವಾದ್ಯವಿದ್ದರೆ ಒಂದು ನುಡಿಯುವಾಗ ಇನ್ನೊಂದು ಕಾಯುತ್ತಿರಲಿ.

ಪ್ರ: ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಬಗ್ಗೆ ನಾಲ್ಕು ನಿಮಿಷದ ಹಾಡು ಮಾಡಿ ವಿಡಿಯೊ ಬಿಡಬೇಕೆಂದಿದ್ದೇವೆ. ಅಂಕಿಅಂಶ ಎಷ್ಟು ಹಾಕಬಹುದು? ಮಕ್ಕಳನ್ನು ತೋರಿಸಬಹುದೇ? (ಪೆರ್ಲ)

ಉ: ನಾಲ್ಕು ನಿಮಿಷದ ಹಾಡು ಎರಡು ಸಂಗತಿಗಳನ್ನು ಹೊರಬಲ್ಲದು, ಬಹಳವೆಂದರೆ ಮೂರು. ಉಳಿದವು ಕರಪತ್ರಕ್ಕೆ. ಯಾರೂ ಅಲ್ಲಗಳೆಯಲಾಗದವನ್ನು ಆರಿಸಿಕೊಳ್ಳಿ. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯ ಹೊತ್ತಿನಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು ಒಂದು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶಾದ್ಯಂತ ಇದರ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ಹಾಕಿದ್ದು ಇನ್ನೊಂದು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ 2017ರ ಜನವರಿ 10ರಂದು ಆದೇಶಿಸಿದ್ದು, ಐದು ವರ್ಷ ಕಳೆದರೂ ಬಹುತೇಕರಿಗೆ ಹಣ ಮುಟ್ಟದ್ದಕ್ಕೆ 2022ರ ಮೇಯಲ್ಲಿ ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡದ್ದು ಮತ್ತೊಂದು. ಮೂರು ತಿಂಗಳಿಗೂ ಐದು ವರ್ಷಕ್ಕೂ ನಡುವಿನ ಅಂತರದಲ್ಲೇ ಒಂದು ಚರಣವಿದೆ. ಬೇರೆ ಅಲಂಕಾರ ಬೇಕಿಲ್ಲ.

ಬೇಡಿಕೆಯ ಸಾಲನ್ನು ಯಾರನ್ನು, ಏನನ್ನು, ಎಂದಿಗೆ ಎಂದು ತಿಳಿಯುವಂತೆ ಬರೆಯಿರಿ. ‘ನ್ಯಾಯ ಬೇಕು’ ಎಂದರೆ ತಿರುವನಂತಪುರದಲ್ಲಿ ಯಾರೂ ತಮಗೆ ಹೇಳಿದ್ದೆಂದು ತಿಳಿಯುವುದಿಲ್ಲ. ಪಟ್ಟಿಗೆ ಸೇರಿಸುವುದು, ಪಿಂಚಣಿ, ಹತ್ತಿರದಲ್ಲೇ ಚಿಕಿತ್ಸೆ ಎಂದು ಬಿಡಿಸಿ ಹೇಳಿದರೆ ಹಾಡೇ ಮನವಿಪತ್ರವಾಗುತ್ತದೆ. ಊರಿನ ಪ್ರತಿಯೊಂದು ಕಾಯಿಲೆಗೂ ಇದೇ ಕಾರಣ ಎಂದು ಮಾತ್ರ ಹಾಡಬೇಡಿ. ಒಂದು ಅತಿಶಯೋಕ್ತಿ ಸಿಕ್ಕರೆ ಉಳಿದ ಸತ್ಯವನ್ನೂ ಅದರ ಜೊತೆ ತಳ್ಳಿಹಾಕಲು ಕಾದಿರುವವರು ಇದ್ದಾರೆ.

ಇನ್ನು ಮಕ್ಕಳ ವಿಚಾರ. ನಮ್ಮ ಸಲಹೆ: ಮುಖ ತೋರಿಸಬೇಡಿ. ಸ್ವರ್ಗ, ವಾಣಿನಗರ, ಎಣ್ಮಕಜೆಯ ಕಡೆ ಎರಡು ದಶಕಗಳಿಂದ ಕ್ಯಾಮೆರಾಗಳು ಬಂದುಹೋಗಿವೆ. ಕೆಲವೇ ಕೆಲವು ಮುಖಗಳು ಪತ್ರಿಕೆ, ಪ್ರದರ್ಶನ, ಪೋಸ್ಟರುಗಳಲ್ಲಿ ಮರುಮುದ್ರಣವಾಗುತ್ತಲೇ ಇವೆ. ಸಿಂಪಡಣೆ ನಿಲ್ಲುವ ಮೊದಲು ಹುಟ್ಟಿದವರು ಇವತ್ತು ವಯಸ್ಕರು. ಅವರಲ್ಲಿ ಮಾತು, ಸನ್ನೆಯ ಮೂಲಕ ಒಪ್ಪಿಗೆ ತಿಳಿಸಬಲ್ಲವರನ್ನು ಅವರನ್ನೇ ಕೇಳಬೇಕು, ಮನೆಯವರನ್ನಷ್ಟೇ ಅಲ್ಲ.

ಒಪ್ಪಿಗೆ ಪತ್ರ ಮನೆಮಾತಿನಲ್ಲಿ ಇರಲಿ. ಓದಿ ಹೇಳುವಾಗ ತುಳುವೋ ಮಲಯಾಳವೋ ಅವರ ಮನೆಯಲ್ಲಿ ಆಡುವುದರಲ್ಲೇ ಹೇಳಿ. ಎಲ್ಲೆಲ್ಲಿ ತೋರಿಸುತ್ತೀರಿ, ಹಣ ಎತ್ತಲು ಬಳಸುತ್ತೀರಾ, ಬೇಡವೆನಿಸಿದರೆ ಯಾರಿಗೆ ಹೇಳಬೇಕು, ಇಷ್ಟು ಬರೆಯಿರಿ. ವಾಟ್ಸಾಪಿಗೆ ಹೋದ ಮೇಲೆ ಹಿಂದೆ ಪಡೆಯಲಾಗದು ಎಂಬುದನ್ನೂ ಬಾಯಿಬಿಟ್ಟು ಹೇಳಿ. ಇದನ್ನು ಹೇಳಲು ಸಂಕೋಚಪಡುವ ತಂಡವೇ ಆಮೇಲೆ ಜಗಳದಲ್ಲಿ ಸಿಕ್ಕಿಬೀಳುವುದು. ಬಿಡುಗಡೆಗೆ ಮೊದಲು ಆ ಮನೆಯಲ್ಲೇ ಕೂತು ವಿಡಿಯೊ ತೋರಿಸಿ. ಚಿತ್ರೀಕರಣದಲ್ಲಿ ಔಷಧದ ಚೀಟಿ, ಪಾಸ್‌ಬುಕ್ಕು ಬಂದರೆ ಹೆಸರು, ಒ.ಪಿ. ನಂಬರು, ಖಾತೆ ಸಂಖ್ಯೆ ಮುಚ್ಚಬೇಕು. ಮಸುಕು ಮಾಡಿದ ಅಂಕಿಯನ್ನು ಹಿಂದಿನ ಮುಂದಿನ ಫ್ರೇಮಿನಿಂದ ಓದಿಬಿಡಬಹುದು. ಆದ್ದರಿಂದ ಚಿತ್ರೀಕರಿಸುವಾಗಲೇ ಕಾಗದ ಅಂಟಿಸಿ. ಹಾಡಿನ ವಿಷಯ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವಾಗಿದ್ದರೆ ಇಷ್ಟೆಲ್ಲ ಚರ್ಚೆಗೆ ಎಡೆಯೇ ಇಲ್ಲ. ಗುರುತು ಹೊರಬೀಳುವಂತೆ ಏನು ತೋರಿಸಿದರೂ ಪೋಕ್ಸೊ ಕಾಯ್ದೆಯಡಿ ಅಪರಾಧ. ಊರಿನ ಹೆಸರು, ಶಾಲೆಯ ಬೋರ್ಡು ಕೂಡ ಗುರುತೇ.

ಪ್ರ: ಕಯ್ಯಾರರ ಕವಿತೆ ಹಾಡಲು ಯಾರ ಅನುಮತಿ ಬೇಕು? ಟಿಕೆಟ್ ಇಲ್ಲ. (ಬದಿಯಡ್ಕ)

ಉ: ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ. ಕೃತಿಸ್ವಾಮ್ಯ ಕವಿಯ ಮರಣಾನಂತರ 60 ವರ್ಷ, ಎಣಿಕೆ ಮರುವರ್ಷದ ಆರಂಭದಿಂದ. ಅಂದರೆ 2075ರ ಕೊನೆಯವರೆಗೆ ಹಕ್ಕು ವಾರಸುದಾರರದ್ದು. ಆದರೂ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಲ್) ಕಲಮು ಹವ್ಯಾಸಿ ಸಂಘವೊಂದು ಹಣ ಕೊಡದ ಸಭಿಕರ ಮುಂದೆ ಪ್ರದರ್ಶಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಆ ಪ್ರದರ್ಶನಕ್ಕೆ ಮಾತ್ರ. ಅದನ್ನೇ ಧ್ವನಿಮುದ್ರಿಸಿ ಹಂಚುವುದು, ಯೂಟ್ಯೂಬಿಗೆ ಹಾಕುವುದು ಅದರಡಿ ಬರುವುದಿಲ್ಲ. ಹಾಗೆ ಮಾಡುವುದಿದ್ದರೆ ಕುಟುಂಬದವರಿಂದ ನಾಲ್ಕು ಸಾಲಿನ ಲಿಖಿತ ಒಪ್ಪಿಗೆ ಪಡೆಯಿರಿ. ಕವಿಯ ಹೆಸರು ಹೇಳುವುದು, ಪದ ತಿರುಚದಿರುವುದು ಎರಡೂ ಕಡ್ಡಾಯ. ಗಡಿನಾಡಿನ ಸಭೆಗಳಲ್ಲಿ ಅವರ ಕವಿತೆಯ ಊರಿನ ಹೆಸರು ಬದಲಿಸಿ ಹಾಡುವ ಉತ್ಸಾಹಿಗಳಿದ್ದಾರೆ. ಬೇಡ.

ಪ್ರ: ಜನಪ್ರಿಯ ಸಿನಿಮಾ ಧಾಟಿಗೆ ನಮ್ಮದೇ ಸಾಹಿತ್ಯ ಹಾಕಿದರೆ ಬೇಗ ಹರಡುವುದಿಲ್ಲವೇ? (ಕುಂಬಳೆ)

ಉ: ಹರಡುತ್ತದೆ. ತಮಿಳುನಾಡಿನ ಕೊಡೈಕೆನಾಲಿನ ಪಾದರಸ ಮಾಲಿನ್ಯದ ಬಗ್ಗೆ ಚೆನ್ನೈನ ಸೋಫಿಯಾ ಅಶ್ರಫ್ ಅಮೆರಿಕದ ಜನಪ್ರಿಯ ಧಾಟಿಯೊಂದಕ್ಕೆ ಕಟ್ಟಿದ ರ‍್ಯಾಪ್ 2015ರ ಜುಲೈ ಕೊನೆಯಲ್ಲಿ ಬಂದು ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರನ್ನು ಮುಟ್ಟಿತು. ಆದರೆ ಅದನ್ನೇ ನಿಯಮವೆಂದುಕೊಳ್ಳಬೇಡಿ. ಒಂದು ಸಿನಿಮಾ ಹಾಡಿನಲ್ಲಿ ಮೂರು ಹಕ್ಕುಗಳಿವೆ: ಸಾಹಿತ್ಯದ್ದು, ಧಾಟಿಯದ್ದು, ಧ್ವನಿಮುದ್ರಿಕೆಯದ್ದು. ನೀವು ಬದಲಿಸುವುದು ಮೊದಲನೆಯದನ್ನು ಮಾತ್ರ. ಧಾಟಿ ಸಂಗೀತ ನಿರ್ದೇಶಕರದೋ ಕಂಪನಿಯದೋ ಆಗಿಯೇ ಉಳಿಯುತ್ತದೆ. ಕರೋಕೆ ಟ್ರ್ಯಾಕ್ ಹಾಕಿದರೆ ಮೂರನೆಯ ಹಕ್ಕಿಗೂ ಕೈಹಾಕಿದಂತೆ. ಐದು ವರ್ಷ ಕಳೆದ ಹಾಡಿನ ಕವರ್ ಮಾಡಲು ಕಾಯ್ದೆಯ 31-ಸಿ ದಾರಿ ಕೊಡುತ್ತದೆ, ನಿಜ. ಅದು ಒಪ್ಪಿಗೆಯಿಲ್ಲದೆ ಹಾಡನ್ನು ಬದಲಿಸಲು ಬಿಡುವುದಿಲ್ಲ. ಅಣಕಕ್ಕೆಂದೇ ನಮ್ಮ ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ.

ಕಾನೂನಿಗಿಂತ ದೊಡ್ಡ ಅಡ್ಡಿ ಬೇರೆಯಿದೆ. ಧಾಟಿ ಶುರುವಾದೊಡನೆ ಜನರ ತಲೆಯಲ್ಲಿ ಮೂಲ ಸಾಹಿತ್ಯ ಓಡುತ್ತದೆ, ಮೊದಲ ಸಾಲಿಗೆ ನಗು ಬರುತ್ತದೆ. ವಿಷಯ ಅಂಗವಿಕಲ ಮಗುವಿನದ್ದಾದರೆ ಆ ನಗು ಎಲ್ಲಿಗೂ ಸಲ್ಲದು.

ತುಳುನಾಡಿನಲ್ಲೇ ಇದಕ್ಕೆ ಹೇಳಿ ಮಾಡಿಸಿದ ಧಾಟಿಗಳಿವೆ. ನಾಟಿಗದ್ದೆಯ ಓಬೇಲೆಯಲ್ಲಿ ಒಬ್ಬಳು ಹೇಳಿ ಉಳಿದವರು ದನಿಗೂಡಿಸುವ ಕ್ರಮ ಹುಟ್ಟಿನಿಂದಲೇ ಇದೆ. ಪರಂಪರೆಯ ಧಾಟಿಗೆ ಮಾಲಿಕರಿಲ್ಲ. ಆದರೆ ಯಾರೋ ಸಂಯೋಜಿಸಿದ ಕ್ಯಾಸೆಟಿನ ಧ್ವನಿಮುದ್ರಿಕೆಗೆ ಇದ್ದಾರೆ, ಅದರಿಂದ ತುಣುಕು ಕತ್ತರಿಸಬೇಡಿ. ದೈವದ ಪಾಡ್ದನಗಳನ್ನು ಮುಟ್ಟದಿರುವುದು ಲೇಸು. ಅವಕ್ಕೆ ಸಲ್ಲುವ ಜಾಗ ಬೇರೆ. ಇನ್ನು ‘ವಿ ಶಲ್ ಓವರ್‌ಕಮ್’ ಬಗ್ಗೆ ಮೂವರು ಕೇಳಿದ್ದಾರೆ. ಅಮೆರಿಕದಲ್ಲಿ ಅದರ ಹಕ್ಕಿನ ವ್ಯಾಜ್ಯ 2018ರಲ್ಲಿ ರಾಜಿಯಾಗಿ ಹಾಡು ಸಾರ್ವಜನಿಕ ಸ್ವತ್ತಾಗಿದೆ, ಧಾರಾಳವಾಗಿ ಹಾಡಿ. ಕನ್ನಡ ಅನುವಾದದ ಹಕ್ಕು ಮಾತ್ರ ಅನುವಾದಕರದ್ದು.

ಪ್ರ: ಹಾಡಿನಿಂದ ನಿಜವಾಗಿ ಏನಾದರೂ ಆದದ್ದುಂಟೇ? ಸಂಜೆ ಚಪ್ಪಾಳೆ, ಬೆಳಿಗ್ಗೆ ಎಲ್ಲ ಮರೆತಂತೆ. (ಹೊಸೂರು)

ಉ: ಮೇಲೆ ಹೇಳಿದ ಕೊಡೈಕೆನಾಲನ್ನೇ ನೋಡಿ. ಹಾಡು ಬಂದದ್ದು 2015ರ ಜುಲೈಯಲ್ಲಿ, ಹಿಂದೂಸ್ತಾನ್ ಯೂನಿಲಿವರ್ ಕಂಪನಿ ಅಲ್ಲಿನ 591 ಮಾಜಿ ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಬಂದದ್ದು 2016ರ ಮಾರ್ಚಿನಲ್ಲಿ. ಹಾಡೇ ಗೆಲ್ಲಿಸಿತು ಎನ್ನಲು ಆಸೆಯಾಗುತ್ತದೆ. ಆದರೆ ಪಾದರಸ ಬಳಸುತ್ತಿದ್ದ ಕಂಪನಿಯ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿದ್ದು 2001ರಲ್ಲಿ. ಅಲ್ಲಿಂದ ಹದಿನಾಲ್ಕು ವರ್ಷ ಕಾರ್ಮಿಕರು ದಾಖಲೆ ಕೂಡಿಟ್ಟಿದ್ದರು, ಮದ್ರಾಸ್ ಹೈಕೋರ್ಟಿನಲ್ಲಿ ಮೊಕದ್ದಮೆ ನಡೆಸಿದ್ದರು. ಕಡತ ಸಿದ್ಧವಿದ್ದಾಗ ಬಂದ ಹಾಡು ಅದು. ಕಡತವಿಲ್ಲದೆ ಹಾಡಿದ್ದರೆ ನೀವು ಹೇಳಿದಂತೆ ಬೆಳಿಗ್ಗೆಗೆ ಮರೆತುಹೋಗುತ್ತಿತ್ತು.

1988ರಲ್ಲಿ ವಿಶ್ವ ಮಾನವ ಹಕ್ಕುಗಳ ಘೋಷಣೆಗೆ 40 ತುಂಬಿದಾಗ ಆಮ್ನೆಸ್ಟಿ ಸಂಸ್ಥೆ ಆರು ವಾರಗಳಲ್ಲಿ 20 ಕಡೆ ಸಂಗೀತ ಕಾರ್ಯಕ್ರಮ ಮಾಡಿತು. ಸೆಪ್ಟೆಂಬರ್ 30ರದ್ದು ದೆಹಲಿಯಲ್ಲಿ. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಟ್ರೇಸಿ ಚಾಪ್‌ಮನ್, ಯೂಸು ಎನ್‌ಡೂರ್ ಮುಂತಾದವರು ಹಾಡಿದರು. ಬಂದವರ ಕೈಗೆ ಘೋಷಣೆಯ ಪ್ರತಿ ಕೊಟ್ಟು ಸಹಿ ಕೇಳುವುದೂ ಆ ಯಾತ್ರೆಯ ಉದ್ದೇಶವಾಗಿತ್ತು. ನಿಮ್ಮ ಸಭೆಗೂ ಅದೇ ಲೆಕ್ಕ ಹಾಕಿ. ಹೆಸರು, ಊರು, ಸಹಿ ಬರೆಯಲು ಒಬ್ಬರಿಗೆ ಅರ್ಧ ನಿಮಿಷ. ಬಾಗಿಲಲ್ಲಿ ಒಂದು ಮೇಜು ಒಂದು ಪೆನ್ನು ಇಟ್ಟರೆ ಜನ ಚದುರುವ ಹತ್ತು ನಿಮಿಷದಲ್ಲಿ ಇಪ್ಪತ್ತು ಸಹಿ, 300 ಜನರಲ್ಲಿ 280 ಮಂದಿ ಹಾಗೇ ಬಸ್ಸಿಗೆ. ಅದರ ಬದಲು ಕೊನೆಯ ಎರಡು ಹಾಡುಗಳ ಹೊತ್ತಿಗೆ ಎಂಟು-ಹತ್ತು ರಟ್ಟು, ದಾರ ಕಟ್ಟಿದ ಪೆನ್ನು ಸಾಲಿನಲ್ಲಿ ಓಡಾಡಲಿ. ಮನವಿಯ ಪಠ್ಯ ಪ್ರತಿ ಹಾಳೆಯ ತಲೆಯಲ್ಲೂ ಇರಬೇಕು. ಬರೀ ಸಹಿಗಳ ಹಾಳೆಯನ್ನು ಕಚೇರಿಯಲ್ಲಿ ಯಾರೂ ಒಪ್ಪುವುದಿಲ್ಲ. ಆಧಾರ್ ನಂಬರು ಕೇಳಬೇಡಿ.

ಪ್ರ: ಮೈಕ್ ಪರ್ಮಿಶನ್ ಎಲ್ಲಿ, ಎಷ್ಟು ಗಂಟೆಯವರೆಗೆ? (ಹೊಸಂಗಡಿ)

ಉ: ಪೊಲೀಸರಿಂದ. ಠಾಣೆಯಲ್ಲೋ ಕೇರಳ ಪೊಲೀಸಿನ ‘ತುಣ’ ಪೋರ್ಟಲಿನಲ್ಲೋ ಅರ್ಜಿ ಹಾಕಬಹುದು. ಸ್ಥಳ, ದಿನ, ವೇಳೆ, ಸ್ಪೀಕರುಗಳ ಸಂಖ್ಯೆ, ಪ್ರಚಾರ ವಾಹನವಿದ್ದರೆ ಅದರ ನಂಬರು, ಜಾಗದ ಮಾಲಿಕರ ಒಪ್ಪಿಗೆ ಸಿದ್ಧವಿರಲಿ. ಮೈಕಿನ ಅನುಮತಿ, ಮೆರವಣಿಗೆಯ ಅನುಮತಿ ಎರಡೂ ಬೇರೆ ಬೇರೆ. ಒಂದನ್ನು ಪಡೆದು ಇನ್ನೊಂದನ್ನು ಮರೆಯುವುದೇ ಇಲ್ಲಿ ಎಲ್ಲರಿಗೂ ಆಗುವ ಎಡವಟ್ಟು. ರಸ್ತೆಬದಿಯ ಸಭೆಗೆ ಕೇರಳದಲ್ಲಿ 2011ರ ಪ್ರತ್ಯೇಕ ಕಾಯ್ದೆಯಿದೆ. ಪೇಟೆಯ ತಿರುವಿನಲ್ಲಿ ಜೀಪು ನಿಲ್ಲಿಸಿ ಹಾಡುವ ಯೋಚನೆಯಿದ್ದರೆ ಅರ್ಜಿಯಲ್ಲಿ ಅದನ್ನೂ ಬರೆಯಿರಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಶಬ್ದಮಾಲಿನ್ಯ ನಿಯಮ 2000ದಂತೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮಾತ್ರ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು, ನಿಮ್ಮ ದಿನ ಅದರಲ್ಲಿದೆ ಎಂದು ಊಹಿಸಿಕೊಳ್ಳಬೇಡಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಸಾರ್ವಜನಿಕ ಸ್ಥಳದಲ್ಲಿ ಸ್ಪೀಕರ್ ಹಾಕಿದಾಗ ಆ ಸ್ಥಳದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಯಾವುದು ಕಡಿಮೆಯೋ ಅದು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ಮೌನವಲಯವಾಗುವುದು 2017ರ ತಿದ್ದುಪಡಿಯ ಮೇಲೆ ಸರ್ಕಾರ ಅಧಿಸೂಚನೆ ಹೊರಡಿಸಿದ್ದರೆ ಮಾತ್ರ. ಠಾಣೆಯಲ್ಲಿ ವಿಚಾರಿಸಿಕೊಳ್ಳಿ. ಮಾನವ ಹಕ್ಕಿನ ಹಾಡಿನಿಂದ ಪಕ್ಕದ ಮನೆಯ ರೋಗಿಯ ನಿದ್ದೆ ಕೆಟ್ಟರೆ ಆ ಮನೆಯವರ ಸಹಿ ನಿಮಗೆ ಸಿಗುವುದಿಲ್ಲ.

ಪ್ರ: ಆರು ಮಂದಿ ಹಾಡಲು ನಿಂತರೆ ಸ್ಪೀಕರು ‘ಕುಂಯ್’ ಎನ್ನುತ್ತದೆ. ಚೆಂಡೆ ಶುರುವಾದರೆ ಪದವೇ ಕೇಳಿಸುವುದಿಲ್ಲ. (ಮಂಜೇಶ್ವರ)

ಉ: ಆರು ಜನಕ್ಕೆ ಆರು ಮೈಕ್ ಕೊಟ್ಟಿರುತ್ತೀರಿ. ತೆರೆದ ಮೈಕುಗಳ ಸಂಖ್ಯೆ ದುಪ್ಪಟ್ಟಾದ ಹಾಗೆಲ್ಲ ಕೂಗು ಬರುವ ಮುನ್ನ ಏರಿಸಬಹುದಾದ ದನಿ 3 ಡೆಸಿಬೆಲ್ ಇಳಿಯುತ್ತದೆ. ಮುಖ್ಯ ಗಾಯಕಿಗೊಂದು, ಉಳಿದ ಐವರಿಗೆ ಎರಡು ಸಾಕು, ಹತ್ತಿರ ನಿಲ್ಲಲಿ. ಬಾಯಿಗೂ ಮೈಕಿಗೂ ನಡುವಿನ ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಹೋಯಿತು. ಆಗ ಆಪರೇಟರು ಗೇನ್ ಏರಿಸುತ್ತಾನೆ, ಕೂಗು ಶುರು. ಸ್ಪೀಕರುಗಳು ಮೈಕುಗಳ ಸಾಲಿಗಿಂತ ಮುಂದೆ, ಎರಡು ಮೀಟರ್ ಎತ್ತರದ ಸ್ಟ್ಯಾಂಡಿನ ಮೇಲೆ ಇರಲಿ. ಗಾಯಕರ ಮಾನಿಟರ್ ಮೈಕಿನ ಹಿಂಬದಿಗೆ ಬರಲಿ. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವ ಸಿನಿಮಾ ಶೈಲಿ ಬಿಡಿಸಿ, ಅದರಿಂದ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಎತ್ತಿಕೊಳ್ಳುತ್ತದೆ. ಹಾಡುವ ಮೈಕುಗಳಲ್ಲಿ 100 ಹರ್ಟ್ಜಿನ ಕೆಳಗಿನದನ್ನು ಕತ್ತರಿಸಿ. ‘ಕೀ’ ಎಂಬ ಕೂಗಿದ್ದರೆ 2ರಿಂದ 4 ಕಿಲೊಹರ್ಟ್ಜ್, ‘ಹೂಂ’ ಎಂದರೆ 250ರಿಂದ 500 ಹರ್ಟ್ಜಿನ ಪಟ್ಟಿಯಲ್ಲಿ 3-6 ಡೆಸಿಬೆಲ್ ಇಳಿಸಿ ನೋಡಿ.

ಚೆಂಡೆಗೆ ಮೈಕ್ ಬೇಡವೇ ಬೇಡ. ಅದನ್ನು ಗಾಯಕರ ಬದಿಗೆ, ಮೂರು ನಾಲ್ಕು ಮೀಟರ್ ಹಿಂದೆ ನಿಲ್ಲಿಸಿ, ಚರಣದಲ್ಲಿ ಮದ್ದಳೆ ಮಾತ್ರ, ಪಲ್ಲವಿಯಲ್ಲಿ ಚೆಂಡೆ ಎಂದು ಹಂಚಿ. ಯಕ್ಷಗಾನದ ಹಿಮ್ಮೇಳದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಪದ ಕೇಳಿಸಬೇಕೆಂದು ಕೋರಿದರೆ ಸಾಕು. ಜನರೇಟರಿನ ಗುಂಯ್‌ಗುಡುವಿಕೆ ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ನು ಮುರಿಯುವವರಿದ್ದಾರೆ. ಮಂಜಿನ ರಾತ್ರಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕ್ ಹಿಡಿದ ಗಾಯಕಿಗೆ ಅದು ಪ್ರಾಣಾಪಾಯ. ಹಮ್ ಇದ್ದರೂ ಸರಿ, ಅರ್ತ್ ಇರಲಿ.

ಪ್ರ: ಜಾಥಾದ ಮುಂದೆ ಕೊರಗರ ಡೋಲು ಇಡುವ ಯೋಚನೆಯಿದೆ. ಸರಿಯೇ? (ವರ್ಕಾಡಿ)

ಉ: ಹೇಗೆ ಇಡುತ್ತೀರಿ ಎಂಬುದರ ಮೇಲೆ. ಮೇಲ್ಜಾತಿಯವರ ಕಾರ್ಯಗಳಲ್ಲಿ ಕೊರಗರು ಡೋಲು ಬಾರಿಸಲೇಬೇಕು, ಸಿಕ್ಕಿದ್ದನ್ನು ತೆಗೆದುಕೊಂಡು ಹೊರಗೇ ನಿಲ್ಲಬೇಕು ಎಂಬ ಅಜಲು ಪದ್ಧತಿಯ ನೆನಪು ಈ ವಾದ್ಯಕ್ಕೆ ಅಂಟಿಕೊಂಡಿದೆ. ಕರ್ನಾಟಕ 2000ದಲ್ಲಿ ಕಾಯ್ದೆ ಮಾಡಿ ಅದನ್ನು ನಿಷೇಧಿಸಿತು. ಗಡಿಯ ಈಚೆ ಕೇರಳದಲ್ಲಿ ಆ ಕಾಯ್ದೆ ಅನ್ವಯಿಸದಿದ್ದರೂ ಸಂವಿಧಾನದ 17ನೆಯ ವಿಧಿ, 1989ರ ದೌರ್ಜನ್ಯ ತಡೆ ಕಾಯ್ದೆ ಇಲ್ಲಿಯೂ ಇವೆ. ಆದ್ದರಿಂದ ‘ಅವರು ಬಂದು ಬಾರಿಸಲಿ’ ಎಂದು ಯಾರ ಮೂಲಕವೋ ಹೇಳಿ ಕಳುಹಿಸಬೇಡಿ. ತಂಡದವರನ್ನೇ ಕಂಡು ಆಹ್ವಾನ ಕೊಡಿ. ಬೇಡ ಎಂದರೆ ಕಾರಣ ಕೇಳದೆ ಹಿಂತಿರುಗಿ. ಕೊರಗರಲ್ಲಿಯೇ ಡೋಲನ್ನು ಹೆಮ್ಮೆಯಿಂದ ಎತ್ತಿಕೊಂಡವರಿದ್ದಾರೆ, ಮುಟ್ಟುವುದೇ ಇಲ್ಲ ಎಂದು ತೀರ್ಮಾನಿಸಿದವರೂ ಇದ್ದಾರೆ. ಒಪ್ಪಿದರೆ ಚೆಂಡೆಯವರಿಗೆ ಕೊಡುವಷ್ಟೇ ಸಂಭಾವನೆಯನ್ನು ಮೊದಲೇ ಮಾತಾಡಿ. ಆಮಂತ್ರಣದಲ್ಲಿ ಕಲಾವಿದರ ಹೆಸರು ಬರಲಿ, ವೇದಿಕೆಯ ಮೇಲೆ ಅವರಿಗೂ ಜಾಗ, ಒಂದೇ ಪಂಕ್ತಿಯಲ್ಲಿ ಊಟ. ಅವರ ಬೇಡಿಕೆಗಳ ಬಗ್ಗೆ ಮಾತಾಡಲು ಅವರಲ್ಲೊಬ್ಬರಿಗೆ ಮೈಕ್ ಕೊಡದೆ ಡೋಲಿನ ಸದ್ದನ್ನು ಮಾತ್ರ ಬಳಸಿಕೊಳ್ಳುವುದಾದರೆ ಕರೆಯದಿರುವುದೇ ಮರ್ಯಾದೆ.

ಪ್ರ: ಕನ್ನಡದಲ್ಲಿ ಹಾಡಿದರೆ ಅಧಿಕಾರಿಗಳಿಗೆ ಅರ್ಥವಾಗದು, ಮಲಯಾಳದಲ್ಲಿ ಹಾಡಿದರೆ ನಮ್ಮವರಿಗೆ ಬೇಸರ. (ಕಾಸರಗೋಡು)

ಉ: ಚರಣ ಕನ್ನಡ, ತುಳುವಿನಲ್ಲಿ ಇರಲಿ, ಬೇಡಿಕೆಯ ಒಂದೇ ಒಂದು ಸಾಲು ಮಲಯಾಳದಲ್ಲೂ ಬರಲಿ. ಅದನ್ನು ಮಲಯಾಳ ಮನೆಮಾತಿನವರಿಂದಲೇ ಬರೆಸಿ. ಮನವಿಪತ್ರ ಕನ್ನಡದಲ್ಲೇ ಕೊಡಿ. ಇದು ಭಾಷಾ ಅಲ್ಪಸಂಖ್ಯಾತ ಪ್ರದೇಶ, ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕು ಕೊಟ್ಟಿದೆ.

ಪ್ರ: ಸಂತ್ರಸ್ತರ ನೆರವಿಗೆ ಸಂಗೀತ ಸಂಜೆ ಮಾಡುತ್ತೇವೆ. ದುಬೈಯಲ್ಲಿರುವ ನಮ್ಮೂರವರು ಹಣ ಕಳುಹಿಸಲು ತಯಾರು. (ಉಪ್ಪಳ)

ಉ: ಮೊದಲು ಖಾತೆ, ಆಮೇಲೆ ಪೋಸ್ಟರು. ನ್ಯೂಯಾರ್ಕಿನಲ್ಲಿ 1971ರ ಆಗಸ್ಟ್ 1ರಂದು ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ಎರಡು ಕಚೇರಿ ಮಾಡಿದರು, ಸುಮಾರು 40,000 ಜನ ಬಂದರು. ಟಿಕೆಟ್ಟಿನ ಸುಮಾರು 2,43,000 ಡಾಲರ್ ಯುನಿಸೆಫಿಗೆ ಹೋಯಿತು. ಆದರೆ ತೆರಿಗೆ ವಿನಾಯಿತಿಯ ಏರ್ಪಾಡನ್ನು ಮುಂಚಿತವಾಗಿ ಮಾಡಿಕೊಳ್ಳದ ಕಾರಣ ಧ್ವನಿಮುದ್ರಿಕೆ, ಚಿತ್ರದ ಹಣದ ದೊಡ್ಡ ಪಾಲು ಅಮೆರಿಕದ ತೆರಿಗೆ ಇಲಾಖೆಯ ಬಳಿ ವರ್ಷಗಟ್ಟಲೆ ಸಿಕ್ಕಿಕೊಂಡಿತು.

ನಿಮ್ಮ ಮಟ್ಟದಲ್ಲಿ ಹೀಗೆ: ನೋಂದಾಯಿತ ಸಂಘದ ಹೆಸರಲ್ಲಿ ಇಬ್ಬರು ಸಹಿ ಹಾಕುವ ಖಾತೆ, ಕ್ರಮಸಂಖ್ಯೆಯ ರಶೀದಿ ಪುಸ್ತಕ. ಕಾರ್ಯದರ್ಶಿಯ ಸ್ವಂತ ಗೂಗಲ್ ಪೇ ನಂಬರು ಪೋಸ್ಟರಿನಲ್ಲಿ ಬಂದರೆ ಮುಂದೆ ಲೆಕ್ಕದ ಜಗಳ ಖಂಡಿತ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದ್ದರೂ, ವಿದೇಶಿ ದೇಣಿಗೆಯೇ. ಅಲ್ಲಿನ ಸಂಘ ಅಥವಾ ಕಂಪನಿಯ ಖಾತೆಯಿಂದ ಬಂದದ್ದೂ ಹಾಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟಬೇಡಿ. ಆದ್ದರಿಂದ ದುಬೈಯ ಗೆಳೆಯರು ಅಲ್ಲಿ ಒಟ್ಟುಗೂಡಿಸಿ ಸಂಘದ ಹೆಸರಲ್ಲಿ ಕಳುಹಿಸುವುದು ಬೇಡ, ಒಬ್ಬೊಬ್ಬರೇ ಕಳುಹಿಸಿ ಪಾಸ್‌ಪೋರ್ಟಿನ ಪ್ರತಿ ಕೊಡಲಿ. ಟಿಕೆಟ್ ಇಟ್ಟರೆ ಪಂಚಾಯತಿನಲ್ಲಿ ಮನರಂಜನಾ ತೆರಿಗೆ ವಿಚಾರಿಸಿ. ಆಗ ಮೇಲೆ ಹೇಳಿದ ಹವ್ಯಾಸಿ ಸಂಘದ ವಿನಾಯಿತಿಯೂ ತಪ್ಪುತ್ತದೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80-ಜಿ ಮಾನ್ಯತೆ ಇರುವ ಸಂಸ್ಥೆಗಾದರೂ 2,000 ರೂಪಾಯಿ ಮೀರಿದ ನಗದಿಗೆ ಆದಾಯ ತೆರಿಗೆ ರಿಯಾಯಿತಿ ಇಲ್ಲ.

ಪ್ರ: ಸರ್ಕಾರವನ್ನು ಟೀಕಿಸಿ ಹಾಡಿದರೆ ಕೇಸು ಬೀಳುತ್ತದೆಯೇ? (ತಾಳವಾಡಿ)

ಉ: ಬೀಳಬಹುದು. ನಿಮ್ಮ ತಮಿಳುನಾಡಿನಲ್ಲೇ ಮದ್ಯದಂಗಡಿ ನೀತಿಯನ್ನು ಟೀಕಿಸಿ ಹಾಡಿದ ಜನಪದ ಗಾಯಕ ಕೋವನ್ ಅವರನ್ನು 2015ರ ಅಕ್ಟೋಬರಿನಲ್ಲಿ ರಾಜದ್ರೋಹದ ಆರೋಪದಲ್ಲಿ ಬಂಧಿಸಿದ್ದರು. ಕೇಸು ಬಿದ್ದದ್ದೆಲ್ಲ ನಿಲ್ಲುವುದಿಲ್ಲ. ಕವಿ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರು ಹಿನ್ನೆಲೆಯಲ್ಲಿ ಕವಿತೆಯಿದ್ದ ವಿಡಿಯೊ ಹಾಕಿದ್ದಕ್ಕೆ ಗುಜರಾತಿನಲ್ಲಿ ದಾಖಲಾಗಿದ್ದ ಎಫ್‌ಐಆರನ್ನು ಸುಪ್ರೀಂ ಕೋರ್ಟು 2025ರ ಮಾರ್ಚ್ 28ರಂದು ರದ್ದುಗೊಳಿಸಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳವರ ದೃಷ್ಟಿಯಿಂದ ಅಳೆಯಬೇಕೇ ಹೊರತು ಎಲ್ಲದರಲ್ಲೂ ಬೆದರಿಕೆ ಕಾಣುವವರ ದೃಷ್ಟಿಯಿಂದಲ್ಲ ಎಂಬುದು ತೀರ್ಪಿನ ಸಾರ. ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದೊಳಗಿನ ಶಿಕ್ಷೆಯ ಇಂಥ ದೂರುಗಳಲ್ಲಿ ಎಫ್‌ಐಆರಿಗೆ ಮೊದಲು ಪ್ರಾಥಮಿಕ ವಿಚಾರಣೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173(3) ಕಲಮು ಅವಕಾಶ ಕೊಟ್ಟಿದೆ ಎಂಬುದನ್ನೂ ಅದು ನೆನಪಿಸಿತು.

ತೊಂದರೆ ಬರುವುದು ಹೆಚ್ಚಾಗಿ ಬರೆದ ಸಾಹಿತ್ಯದಿಂದಲ್ಲ, ಹಾಡಿನ ನಡುವೆ ಹುರುಪಿನಲ್ಲಿ ಬಾಯಿಗೆ ಬಂದ ಮಾತಿನಿಂದ. ಸಾಹಿತ್ಯದ ಪ್ರತಿಗೆ ದಿನಾಂಕ ಹಾಕಿ ಇಟ್ಟುಕೊಳ್ಳಿ, ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಮುದ್ರಿಸಿಕೊಳ್ಳಿ. ಕತ್ತರಿಸಿದ ತುಣುಕು ಹರಿದಾಡಿದಾಗ ಅದೇ ನಿಮ್ಮ ಸಾಕ್ಷಿ. ಜಾತಿ, ಮತದ ಹೆಸರು ಹಿಡಿದು ಬೈಯುವ ಸಾಲಿದ್ದರೆ ತೆಗೆಯಿರಿ, ಅದಕ್ಕೆ ಯಾವ ತೀರ್ಪೂ ಒದಗಿ ಬರುವುದಿಲ್ಲ. ಠಾಣೆಗೆ ಕರೆದರೆ ಲಿಖಿತ ನೋಟಿಸು ಕೇಳಿ, ವಕೀಲರೊಂದಿಗೆ ಹೋಗಿ.

ಪ್ರ: ನಮ್ಮದೇ ಹಾಡು ಹಾಕಿದ್ದಕ್ಕೆ ಯೂಟ್ಯೂಬಿನಲ್ಲಿ ‘ಕಾಪಿರೈಟ್ ಕ್ಲೇಮ್’ ಬಂದಿದೆ. ಚಾನೆಲ್ ಹೋಗುತ್ತದೆಯೇ? (ನೀರ್ಚಾಲು)

ಉ: ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮಿನಿಂದ ಚಾನೆಲ್ ಹೋಗುವುದಿಲ್ಲ, ಜಾಹೀರಾತಿನ ಹಣ ಅವರಿಗೆ ಹೋಗಬಹುದು ಅಥವಾ ವಿಡಿಯೊ ತಡೆಹಿಡಿಯಬಹುದು. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲಿಗೇ ಅಪಾಯ. ಕ್ಲೇಮಿನ ವಿವರ ತೆರೆದು ಎಷ್ಟನೆಯ ಸೆಕೆಂಡಿನಿಂದ ಎಷ್ಟರವರೆಗೆ ಎಂದು ನೋಡಿ. ಬಹಳ ಸಲ ಅದು ನಿಮ್ಮ ಹಾಡಿಗೆ ಬಂದಿರುವುದೇ ಇಲ್ಲ, ಮೆರವಣಿಗೆಯ ಹಿಂದೆ ಅಂಗಡಿಯಲ್ಲಿ ಓಡುತ್ತಿದ್ದ ಸಿನಿಮಾ ಹಾಡಿಗೋ, ಕೀಬೋರ್ಡಿನವರು ಎಲ್ಲಿಂದಲೋ ಇಳಿಸಿಕೊಂಡ ರಿದಮ್ ಲೂಪಿಗೋ ಬಂದಿರುತ್ತದೆ. ಅಂಗಡಿಯ ಹಾಡಾದರೆ ಎಡಿಟರಿನಲ್ಲಿ ಆ ಭಾಗದ ಸದ್ದನ್ನಷ್ಟೇ ತೆಗೆಯಿರಿ. ಲೂಪಾದರೆ ಅದರ ಪರವಾನಗಿ ಹುಡುಕಿ, ಇಲ್ಲದಿದ್ದರೆ ದುಡಿ, ಮದ್ದಳೆಯಲ್ಲಿ ಮರುಮುದ್ರಿಸಿ. ಪೂರ್ತಿ ನಿಮ್ಮದೇ ಎಂದು ಖಾತರಿಯಿದ್ದರೆ ಆಕ್ಷೇಪ ಸಲ್ಲಿಸಿ. ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ. ಸಾಹಿತ್ಯದ ದಿನಾಂಕದ ಪ್ರತಿ, ಮುದ್ರಣದ ಮೂಲ ಫೈಲು, ವಾದಕರ ಒಪ್ಪಿಗೆ ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದರೆ ಈ ಕೆಲಸ ಹತ್ತು ನಿಮಿಷದ್ದು.